ವರ್ಡ್‌ಪ್ರೆಸ್ ಮಲ್ಟಿಸೈಟ್: ಕಾಲೇಜು ಹುಡುಗ್ರಿಗೆ ಬ್ಲಾಗ್ ಹಾಕ್ಕೊಡೋಕೆ ಇದು ಆಗುತ್ತಾ?

ಆಗುತ್ತೆ. (ವರ್ಡ್‌ಪ್ರೆಸ್ ಅಂದ್ರೆ ಬ್ಲಾಗ್ ನಡೆಸೋ ಸಾಫ್ಟ್‌ವೇರ್, ಮಲ್ಟಿಸೈಟ್ ಅಂದ್ರೆ ಅದರ ಒಂದೇ ಇನ್‌ಸ್ಟಾಲ್‌ನಲ್ಲಿ ಬೇಕಾದಷ್ಟು ಬ್ಲಾಗ್ ನಡೆಸೋ ಸೌಲಭ್ಯ.) ಆದ್ರೆ ಸರ್ವರ್ ನೋಡ್ಕೊಳ್ಳೋಕೆ ಅಂತ ಒಬ್ಬ ಮನುಷ್ಯ ಇರ್ಬೇಕು, ಮತ್ತೆ ಡಿಗ್ರಿ ಮುಗಿಸಿ ಹೋಗೋ ಹುಡುಗ ತಾನು ಬರೆದಿದ್ದನ್ನ ಹೇಗೆ ತಗೊಂಡು ಹೋಗ್ತಾನೆ ಅನ್ನೋದು ಶುರು ಮಾಡೋವಾಗ್ಲೇ ತೀರ್ಮಾನ ಆಗಿರ್ಬೇಕು. ಐದಕ್ಕೆ ಮೂರೂವರೆ ಸ್ಟಾರ್ ಅಂತ ಹೇಳಿ ಮುಗಿಸ್ಬಹುದಿತ್ತು, ಆದ್ರೆ ಇದರ ಬಗ್ಗೆ ನಂಗೆ ಸಿಕ್ಕಿದ ಗೈಡ್‌ಗಳೆಲ್ಲಾ ಅಮೆರಿಕದ ಯೂನಿವರ್ಸಿಟಿಗಳನ್ನ ಮನಸ್ಸಲ್ಲಿಟ್ಕೊಂಡು ಬರೆದಿರೋವು, ಅದ್ರಲ್ಲಿ ಒತ್ತಕ್ಷರ ಕಟ್ ಆಗೋ ಕಥೆನೂ ಇಲ್ಲ, ನುಡಿ ಫಾಂಟೂ ಇಲ್ಲ, ನ್ಯಾಕ್ (ಕಾಲೇಜುಗಳಿಗೆ ಗ್ರೇಡ್ ಕೊಡೋ ಸಂಸ್ಥೆ) ಫೈಲೂ ಇಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ.

ನಾನು ಡಿಗ್ರಿ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಲೆಕ್ಚರರ್, ಸರ್ವರ್ ಕೆಲ್ಸ ಅದರ ಜೊತೆಗೆ ಅಂಟ್ಕೊಂಡಿದ್ದು. ಬ್ಲಾಗ್ ಯಾಕೆ ಬೇಕಿತ್ತು ಅಂದ್ರೆ, ಎಲ್ಲಾ ಕಾಲೇಜಲ್ಲೂ ವಾರ್ಷಿಕ ಸಂಚಿಕೆ ಅಂತ ಒಂದು ಇರುತ್ತಲ್ಲ, ಅದ್ರಲ್ಲಿ ಒಬ್ಬೊಬ್ಬರಿಗೆ ಒಂದು ಪುಟ, ಮೊದಲ ಅರ್ಧ ಪೂರ್ತಿ ಅತಿಥಿಗಳ ಫೋಟೋ, ಫೈನಲ್ ಇಯರ್‌ನೋರು ಕೊಟ್ಟ ಕವನ ಅಚ್ಚಾಗಿ ಬರೋಷ್ಟರಲ್ಲಿ ಅವ್ರು ಟಿಸಿ ಇಸ್ಕೊಂಡು ಹೋಗಿರ್ತಾರೆ. ಬರೆಯೋ ಹುಡುಗ್ರು ಇಲ್ದೆ ಇಲ್ಲ, ಎಲ್ಲಾ ಇನ್‌ಸ್ಟಾ ಕ್ಯಾಪ್ಷನ್ನು ವಾಟ್ಸಾಪ್ ಸ್ಟೇಟಸ್ಸಲ್ಲಿ ಬರೀತಾರೆ, ಸ್ಟೇಟಸ್ ಮಾರನೇ ದಿನಕ್ಕೆ ಇರಲ್ಲ. ಕನ್ನಡ ವಿಭಾಗದ ಮೇಡಂ ಒಬ್ರು "ಇವ್ರಿಗೊಂದು ಜಾಗ ಮಾಡ್ಕೊಡಿ ಸರ್" ಅಂತ ಹಿಂದೆ ಬಿದ್ದಿದ್ರು.

ಮಲ್ಟಿಸೈಟ್ ಅಂದ್ರೆ ಏನು ಅಂತ ಗೊತ್ತಿಲ್ದೋರಿಗೆ: ವರ್ಡ್‌ಪ್ರೆಸ್ ಶುರುವಾಗಿದ್ದು 2003ರಲ್ಲಿ, ಒಂದು ಇನ್‌ಸ್ಟಾಲ್‌ಗೆ ಒಂದು ಬ್ಲಾಗು. ಒಂದೇ ಇನ್‌ಸ್ಟಾಲ್‌ನಲ್ಲಿ ನೂರಾರು ಬ್ಲಾಗ್ ನಡೆಸೋಕೆ ಅಂತ ಎಂಯು ಅನ್ನೋ ಬೇರೆ ಆವೃತ್ತಿ ಇತ್ತು, 2010ರಲ್ಲಿ 3.0 ಬಂದಾಗ ಅದನ್ನ ಮೇನ್ ವರ್ಡ್‌ಪ್ರೆಸ್ ಒಳಗೇ ಸೇರಿಸಿಬಿಟ್ರು. ಈಗ ಕಾನ್ಫಿಗ್ ಫೈಲಲ್ಲಿ ಒಂದು ಸಾಲು ಸೇರಿಸಿದ್ರೆ ಟೂಲ್ಸ್ ಮೆನುನಲ್ಲಿ ನೆಟ್‌ವರ್ಕ್ ಸೆಟಪ್ ಅಂತ ಕಾಣ್ಸುತ್ತೆ, ಅಲ್ಲಿಂದ ಮುಂದಕ್ಕೆ ಅದೇ ಹೇಳ್ಕೊಡುತ್ತೆ. ಯೂಸರ್‌ಗಳ ಟೇಬಲ್ ಎಲ್ಲರಿಗೂ ಒಂದೇ, ಬ್ಲಾಗ್‌ಗಳು ಮಾತ್ರ ಬೇರೆ ಬೇರೆ, ಒಂದೊಂದು ಹೊಸ ಬ್ಲಾಗ್‌ಗೂ ಡೇಟಾಬೇಸಲ್ಲಿ ಹತ್ತು ಟೇಬಲ್ ಹುಟ್ಕೊಳ್ತವೆ. ಅಂದ್ರೆ 500 ಹುಡುಗ್ರು ಅಂದ್ರೆ 5000 ಟೇಬಲ್ಲು. ಕೇಳೋಕೆ ಭಯ ಆಗುತ್ತೆ, ನಡೆಯೋಕೆ ಏನೂ ತೊಂದ್ರೆ ಇಲ್ಲ, ಬ್ಯಾಕಪ್ ತಗೋವಾಗ ಮಾತ್ರ ಗೊತ್ತಾಗುತ್ತೆ. ಎರಡು ಜಿಬಿ ರ‍್ಯಾಮ್ ಇರೋ ಸಣ್ಣ ವಿಪಿಎಸ್‌ನಲ್ಲಿ (ಬಾಡಿಗೆ ಸರ್ವರ್), ಪುಟ ಬೇಗ ತೆರೆಯೋಕೆ ಒಂದು ಕ್ಯಾಶ್ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸೋ ಸಣ್ಣ ಪ್ರೋಗ್ರಾಂ) ಹಾಕ್ಕೊಂಡು ಆರಾಮಾಗಿ ಶುರು ಮಾಡ್ಬಹುದು.

ಸೆಟಪ್ಪಲ್ಲಿ ತಲೆ ಕೆಡಿಸ್ಕೊಳ್ಳೋ ಪ್ರಶ್ನೆ ಒಂದೇ, ಸಬ್‌ಡೊಮೈನಾ ಸಬ್‌ಡೈರೆಕ್ಟರಿನಾ ಅಂತ. ಸಬ್‌ಡೈರೆಕ್ಟರಿ ಅಂದ್ರೆ ಕಾಲೇಜಿನ ವಿಳಾಸ ಆದ್ಮೇಲೆ ಓರೆಗೆರೆ ಹಾಕಿ ಹೆಸರು ಬರುತ್ತೆ. ಸಬ್‌ಡೊಮೈನ್ ಅಂದ್ರೆ ಹುಡುಗಿ ಹೆಸರು ಮುಂದೆ ಬರುತ್ತೆ, ಆಮೇಲೆ ಚುಕ್ಕಿ, ಆಮೇಲೆ ಕಾಲೇಜಿನ ವಿಳಾಸ. ನೋಡೋಕೆ ಚೆಂದ, ಅವಳದ್ದೇ ಸೈಟ್ ಅನ್ಸುತ್ತೆ. ಆದ್ರೆ ಅದಕ್ಕೆ ಡಿಎನ್‌ಎಸ್‌ನಲ್ಲಿ (ಯಾವ ವಿಳಾಸ ಯಾವ ಸರ್ವರ್‌ಗೆ ಹೋಗ್ಬೇಕು ಅನ್ನೋ ಪಟ್ಟಿ) ವೈಲ್ಡ್‌ಕಾರ್ಡ್ ಎಂಟ್ರಿ, ಅಂದ್ರೆ ಎಲ್ಲಾ ಹೆಸರಿಗೂ ಅನ್ವಯಿಸೋ ಒಂದೇ ಸಾಲು ಬೇಕು, ಮತ್ತೆ ಎಸ್‌ಎಸ್‌ಎಲ್ಲೂ (ಸೈಟಿನ ಸುರಕ್ಷತೆ ಸರ್ಟಿಫಿಕೇಟ್) ವೈಲ್ಡ್‌ಕಾರ್ಡ್ ಆಗಿರ್ಬೇಕು. ಲೆಟ್ಸ್ ಎನ್‌ಕ್ರಿಪ್ಟ್‌ನೋರು 2018ರಿಂದ ವೈಲ್ಡ್‌ಕಾರ್ಡ್ ಸರ್ಟಿಫಿಕೇಟನ್ನ ಫ್ರೀಯಾಗೇ ಕೊಡ್ತಿದಾರೆ, ಆದ್ರೆ ಅದು ಡಿಎನ್‌ಎಸ್ ಮೂಲಕ ಪರಿಶೀಲನೆ ಕೇಳುತ್ತೆ, ಪ್ರತಿ ಸಲ ರಿನ್ಯೂ ಆಗ್ಬೇಕಾದ್ರೂ ಡಿಎನ್‌ಎಸ್ ಕೈಲಿರ್ಬೇಕು. ನಮ್ಮ ಕಡೆ ಕಾಲೇಜುಗಳ ಎಸಿ ಡಾಟ್ ಇನ್ ಡೊಮೈನ್ ಕೊಡೋದು ಎರ್ನೆಟ್‌ನೋರು, ಅದರ ಪಾಸ್‌ವರ್ಡ್ ಯಾರ ಹತ್ರ ಇರುತ್ತೆ ಅಂತ ಕೇಳಿದ್ರೆ ಬಹಳಷ್ಟು ಕಾಲೇಜಲ್ಲಿ ಯಾವಾಗ್ಲೋ ವೆಬ್‌ಸೈಟ್ ಮಾಡ್ಕೊಟ್ಟ ಪುಣ್ಯಾತ್ಮನ ಹತ್ರ. ನಮ್ಮಲ್ಲೂ ಅದೇ ಕಥೆ. ಫೋನ್ ಮಾಡಿದ್ರೆ "ನಾಳೆ ಹಾಕ್ತೀನಿ ಸರ್" ಅಂತಾನೆ, ಆ ನಾಳೆಗೆ ಕ್ಯಾಲೆಂಡರ್‌ನಲ್ಲಿ ಜಾಗ ಇಲ್ಲ. ಡಿಎನ್‌ಎಸ್ ನಿಮ್ಮ ಕೈಲಿಲ್ಲ ಅಂದ್ರೆ ಸುಮ್ನೆ ಸಬ್‌ಡೈರೆಕ್ಟರಿ ಇಟ್ಕೊಳ್ಳಿ, ಒಂದೇ ಸರ್ಟಿಫಿಕೇಟ್ ಸಾಕು. ಇಲ್ಲೊಂದು ಸಣ್ಣ ಮುಳ್ಳಿದೆ: ಹಳೇ ವರ್ಡ್‌ಪ್ರೆಸ್ ಸೈಟನ್ನೇ ಮಲ್ಟಿಸೈಟ್ ಮಾಡೋಕೆ ಹೋದ್ರೆ, ಅದ್ರಲ್ಲಿ ಒಂದು ತಿಂಗಳಿಗಿಂತ ಹಳೇ ಪೋಸ್ಟ್ ಇದ್ರೆ ಸಬ್‌ಡೈರೆಕ್ಟರಿ ಆಯ್ಕೆನೇ ಕೊಡಲ್ಲ. ಹೊಸದಾಗೇ ಇನ್‌ಸ್ಟಾಲ್ ಮಾಡಿ.

ಅಕೌಂಟ್ ಕೊಡೋದು ಹೇಗೆ ಅನ್ನೋದಕ್ಕೆ ಎರಡು ದಾರಿ. ಒಂದು, ರಿಜಿಸ್ಟ್ರೇಷನ್ ಓಪನ್ ಇಟ್ಟು ಕಾಲೇಜಿನ ಮೇಲ್ ಐಡಿ ಇದ್ದೋರು ಮಾತ್ರ ಬರಲಿ ಅಂತ ಡೊಮೈನ್ ಕಟ್ಟು ಹಾಕೋದು, ಆ ಸೆಟ್ಟಿಂಗ್ ಮಲ್ಟಿಸೈಟ್‌ನಲ್ಲೇ ಇದೆ. ಈ ಕಟ್ಟು ಹಾಕ್ದೇ ಹಾಗೇ ಓಪನ್ ಬಿಟ್ರೆ ರಾತ್ರೋರಾತ್ರಿ ಯಾವ್ದೋ ದೇಶದ ಮಾತ್ರೆ ಮಾರೋರು ಬಂದು ನಿಮ್ಮ ಕಾಲೇಜು ಹೆಸರಲ್ಲಿ ಅಂಗಡಿ ತೆಗೀತಾರೆ. ಇನ್ನೊಂದು, ಡಬ್ಲ್ಯೂಪಿ ಸಿಎಲ್ಐ (ಕಮಾಂಡ್ ಟೈಪ್ ಮಾಡಿ ವರ್ಡ್‌ಪ್ರೆಸ್ ನಡೆಸೋ ಸಾಧನ) ಇಟ್ಕೊಂಡು ಎಕ್ಸೆಲ್ ಪಟ್ಟಿಯಿಂದ ಎಲ್ಲಾ ಒಟ್ಟಿಗೆ ಮಾಡೋದು. ನಾನು ಎರಡನೇದಕ್ಕೇ ವೋಟ್ ಹಾಕ್ತೀನಿ, ಯಾಕಂದ್ರೆ ಮೊದಲನೇದ್ರಲ್ಲಿ ಆಕ್ಟಿವೇಷನ್ ಮೇಲ್ ಹೋಗ್ಬೇಕು, ಸರ್ವರ್‌ನಿಂದ ನೇರ ಕಳಿಸಿದ ಮೇಲ್ ಸ್ಪ್ಯಾಮ್‌ಗೆ ಬೀಳುತ್ತೆ, ಹುಡುಗ್ರು ಸ್ಪ್ಯಾಮ್ ಫೋಲ್ಡರ್ ಇರ್ಲಿ ಇನ್‌ಬಾಕ್ಸೇ ತೆಗ್ಯಲ್ಲ. ಎರಡನೇ ದಾರೀಲೂ ಮೇಲ್‌ನ ಸರಿಯಾದ ಮೇಲ್ ಸರ್ವರ್ ಮೂಲಕ ಕಳಿಸೋ ಎಸ್‌ಎಂಟಿಪಿ ಪ್ಲಗಿನ್ ಹಾಕ್ಲೇಬೇಕು, ಪಾಸ್‌ವರ್ಡ್ ಮರ್ತೋರ ಸಾಲು ಇದ್ದೇ ಇರುತ್ತಲ್ಲ.

ಬ್ಲಾಗ್ ಹೆಸರಿಗೆ ಅವರೇ ಸೈನ್ ಅಪ್ ಆಗೋದಾದ್ರೆ ಸಣ್ಣ ಇಂಗ್ಲಿಷ್ ಅಕ್ಷರ ಅಂಕಿ ಬಿಟ್ಟು ಬೇರೇನೂ ತಗೊಳ್ಳಲ್ಲ, ಕಮ್ಮಿ ಅಂದ್ರೆ ನಾಲ್ಕು ಅಕ್ಷರ, ಬರೀ ಅಂಕಿ ಕೊಟ್ರೂ ಒಪ್ಪಲ್ಲ. ರಿಜಿಸ್ಟರ್ ನಂಬರನ್ನೇ ಬ್ಲಾಗ್ ಹೆಸರು ಮಾಡಿ ಅಂತ ಆಫೀಸಿನೋರು ಹೇಳ್ತಾರೆ, ಅವರಿಗೆ ಪಟ್ಟಿ ಹೊಂದಿಸೋಕೆ ಸುಲಭ. ಬೇಡ. ಆ ನಂಬರ್ ಇಟ್ಕೊಂಡು ರಿಸಲ್ಟ್ ನೋಡ್ಬಹುದು, ಅದನ್ನ ಇಡೀ ಊರಿಗೆ ವಿಳಾಸದಲ್ಲಿ ಬರೆದು ತೂಗುಹಾಕೋದು ಯಾಕೆ? ಹೆಸರು ಅವರೇ ಇಟ್ಕೊಳ್ಳಲಿ, ಎಂಥೆಂಥಾ ಹೆಸರು ಬರ್ತವೆ ಗೊತ್ತಾ, ಆಫೀಸಿನ ಪಟ್ಟಿ ಓದೋದಕ್ಕಿಂತ ಅದು ಓದೋಕೆ ಖುಷಿ.

ಅಪ್‌ಲೋಡ್ ಬಗ್ಗೆ ಒಂದು ಮಾತು. ಮಲ್ಟಿಸೈಟ್‌ನಲ್ಲಿ ಬರೋ ಡಿಫಾಲ್ಟ್ ಮಿತಿ ಒಂದು ಫೈಲ್‌ಗೆ 1500 ಕೆಬಿ, ಒಂದು ಬ್ಲಾಗ್‌ಗೆ 100 ಎಂಬಿ (ಬ್ಲಾಗ್ ಮಿತಿ ಸೆಟ್ಟಿಂಗ್‌ನಲ್ಲಿ ಟಿಕ್ ಹಾಕಿದ್ರೆ ಮಾತ್ರ ಜಾರಿ). ಈಗಿನ ಫೋನಲ್ಲಿ ಒಂದು ಫೋಟೋನೇ ನಾಲ್ಕೈದು ಎಂಬಿ ಇರುತ್ತೆ, ಮೊದಲ ದಿನವೇ "ಸರ್ ಫೋಟೋ ಹೋಗ್ತಿಲ್ಲ" ಅಂತ ಸಾಲು ನಿಲ್ತಾರೆ. ಫೈಲ್ ಮಿತಿ ಏರಿಸಿ, ಬ್ಲಾಗ್‌ದು 100 ಎಂಬಿನೇ ಇರ್ಲಿ, ಬರೆಯೋರಿಗೆ ಅದು ಧಾರಾಳ. ವಿಡಿಯೋ ಅಪ್‌ಲೋಡ್ ಬಂದ್ ಮಾಡಿ, ಯೂಟ್ಯೂಬ್ ಲಿಂಕ್ ಅಂಟಿಸಿದ್ರೆ ತಾನೇ ಪ್ಲೇಯರ್ ಬರುತ್ತೆ. ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದು. ಫೋನಲ್ಲಿ ಲೊಕೇಷನ್ ಆನ್ ಇದ್ರೆ ಫೋಟೋ ಒಳಗೆ ಎಲ್ಲಿ ತೆಗೆದಿದ್ದು ಅನ್ನೋದು ಅಕ್ಷಾಂಶ ರೇಖಾಂಶ ಸಮೇತ ಕೂತಿರುತ್ತೆ, ವರ್ಡ್‌ಪ್ರೆಸ್ ದೊಡ್ಡ ಫೋಟೋನ ಸಣ್ಣದು ಮಾಡಿ ತೋರ್ಸುತ್ತೆ ನಿಜ, ಆದ್ರೆ ಒರಿಜಿನಲ್ ಫೈಲ್ ಸರ್ವರಲ್ಲಿ ಹಾಗೇ ಇರುತ್ತೆ. ಹಾಸ್ಟೆಲ್ ಕಿಟಕಿಯಿಂದ ಮಳೆ ಫೋಟೋ ಹಾಕಿದ ಹುಡುಗಿಗೆ ಇದು ಗೊತ್ತಿರಲ್ಲ. ಲೊಕೇಷನ್ ಕಿತ್ತುಹಾಕೋ ಪ್ಲಗಿನ್‌ಗಳಿವೆ, ಒಂದನ್ನ ನೆಟ್‌ವರ್ಕ್ ಪೂರ್ತಿಗೆ ಆನ್ ಮಾಡಿ ಆಮೇಲೆ ಬಾಗಿಲು ತೆಗೀರಿ.

ಈಗ ಕನ್ನಡಕ್ಕೆ ಬರೋಣ, ನಾನು ಸ್ಟಾರ್ ಕಟ್ ಮಾಡಿದ್ದು ಮುಖ್ಯವಾಗಿ ಇಲ್ಲೇ.

ಟೈಪ್ ಮಾಡೋದಕ್ಕೆ ಏನೂ ಸಮಸ್ಯೆ ಇಲ್ಲ, ಹುಡುಗ್ರು ಎಲ್ಲಾ ಫೋನ್ ಕೀಬೋರ್ಡಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸ್ತಾರೆ, ಬ್ಲಾಕ್ ಎಡಿಟರ್ (ವರ್ಡ್‌ಪ್ರೆಸ್‌ನಲ್ಲಿ ಪೋಸ್ಟ್ ಬರೆಯೋ ಜಾಗ) ಅದನ್ನ ಚೆನ್ನಾಗೇ ತಗೊಳ್ಳುತ್ತೆ. ಸಮಸ್ಯೆ ಲಿಂಕಲ್ಲಿ. ಶೀರ್ಷಿಕೆ ಕನ್ನಡದಲ್ಲಿ ಕೊಟ್ರೆ ವರ್ಡ್‌ಪ್ರೆಸ್ ವಿಳಾಸನೂ ಕನ್ನಡದಲ್ಲೇ ಮಾಡುತ್ತೆ, ಬ್ರೌಸರಲ್ಲಿ ನೋಡಿದ್ರೆ ಚೆನ್ನಾಗೇ ಕಾಣುತ್ತೆ, ಆದ್ರೆ ಒಳಗೆ ಒಂದೊಂದು ಕನ್ನಡ ಚಿಹ್ನೆನೂ ಮೂರು ಬೈಟು, ಪರ್ಸೆಂಟ್ ಗುರುತು ಹಾಕಿ ಬರೆದ್ರೆ ಒಂಬತ್ತು ಅಕ್ಷರದ ಜಾಗ ತಿನ್ನುತ್ತೆ. ವಿಳಾಸಕ್ಕೆ ಅಂತ ಡೇಟಾಬೇಸಲ್ಲಿ ಇಟ್ಟಿರೋದು 200 ಅಕ್ಷರ. ಲೆಕ್ಕ ಹಾಕಿ, 22 ಚಿಹ್ನೆಗೆ ಮುಗೀತು. ಚಿಹ್ನೆ ಅಂದ್ರೆ ನಾವು ಎಣಿಸೋ ಅಕ್ಷರ ಅಲ್ಲ, ಕಾಗುಣಿತದ ಗುರುತು ಒಂದು, ಒತ್ತಿಗೆ ಎರಡು ಹಂಗೆ. "ನಮ್ಮೂರಿನ ಜಾತ್ರೆಯಲ್ಲಿ ಕಳೆದುಹೋದ ಚಪ್ಪಲಿ" ಅಂತ ಒಂದು ಹೆಸರು ಕೊಟ್ಟು ನೋಡಿ, ವಿಳಾಸ "ನಮ್ಮೂರಿನ-ಜಾತ್ರೆಯಲ್ಲಿ-ಕಳೆ" ಅನ್ನೋದಕ್ಕೆ ನಿಂತ್ಕೊಳ್ಳುತ್ತೆ. ಚಪ್ಪಲಿ ನಿಜವಾಗ್ಲೂ ಕಳೆದೇ ಹೋಯ್ತು. ಅದೇ ಲಿಂಕನ್ನ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದ್ರೆ ಎರಡು ಮೂರು ಸಾಲು ಪರ್ಸೆಂಟ್ ಗುರುತಿನ ಜಾತ್ರೆ, ವೈರಸ್ ಲಿಂಕ್ ಅನ್ಕೊಂಡು ಯಾರೂ ಒತ್ತಲ್ಲ. ಪರಿಹಾರ ಎರಡು: ಪೋಸ್ಟ್ ಮಾಡೋವಾಗ ವಿಳಾಸದ ಜಾಗದಲ್ಲಿ ಇಂಗ್ಲಿಷಲ್ಲಿ ಎರಡು ಪದ ಕೈಯಾರೆ ಟೈಪ್ ಮಾಡೋದು, ಇಲ್ಲಾಂದ್ರೆ ಪರ್ಮಾಲಿಂಕ್ ಸೆಟ್ಟಿಂಗಲ್ಲಿ ಹೆಸರಿನ ಬದಲು ಪೋಸ್ಟ್ ನಂಬರ್ ಬರೋ ಹಾಗೆ ಇಡೋದು. ಹುಡುಗ್ರಿಗೆ ಎಷ್ಟು ಹೇಳಿದ್ರೂ ಮೊದಲನೇದು ಮಾಡಲ್ಲ, ಎರಡನೇದು ಮಾಡಿ ಸುಮ್ನಿರಿ.

ಫಾಂಟ್. ಡಿಫಾಲ್ಟ್ ಥೀಮ್‌ಗಳಲ್ಲಿ (ಬ್ಲಾಗಿನ ರೆಡಿಮೇಡ್ ವಿನ್ಯಾಸ) ಬರೋ ಫಾಂಟಲ್ಲಿ ಕನ್ನಡ ಅಕ್ಷರ ಇರಲ್ಲ, ಹಾಗಾಗಿ ಓದೋರ ಸಾಧನದಲ್ಲಿ ಏನಿದ್ಯೋ ಅದು ಬರುತ್ತೆ, ಆಂಡ್ರಾಯ್ಡಲ್ಲಿ ನೋಟೋ, ವಿಂಡೋಸಲ್ಲಿ ನಿರ್ಮಲಾ ಅಥವಾ ತುಂಗಾ, ಆಪಲ್‌ನಲ್ಲಿ ಅದರದ್ದೇ ಒಂದು. ಒಂದೇ ಪುಟ ಮೂರು ಕಡೆ ಮೂರು ಥರ. 2024ರ ಏಪ್ರಿಲಲ್ಲಿ ಬಂದ 6.5 ಆವೃತ್ತಿಯಿಂದ ಫಾಂಟ್ ಲೈಬ್ರರಿ ಅಂತ ಕೊಟ್ಟಿದಾರೆ, ಬ್ಲಾಕ್ ಥೀಮ್ ಆದ್ರೆ ಅಲ್ಲಿಂದಲೇ ಗೂಗಲ್ ಫಾಂಟ್ಸ್ ಇಳಿಸ್ಕೊಂಡು ನಮ್ಮ ಸರ್ವರಲ್ಲೇ ಇಟ್ಕೋಬಹುದು. ನೋಟೋ ಸೆರಿಫ್ ಕನ್ನಡ ಉದ್ದ ಬರಹಕ್ಕೆ ಚೆನ್ನಾಗಿದೆ, ತಲೆಬರಹಕ್ಕೆ ಬಾಲೂ ತಮ್ಮ ಒಳ್ಳೆ ದಪ್ಪಗೆ ಕೂರುತ್ತೆ. ಆದ್ರೆ ಫಾಂಟ್ ಬದಲಾಯಿಸಿದ ಮಾತ್ರಕ್ಕೆ ಮುಗಿಯಲ್ಲ, ಥೀಮ್ ಮಾಡೋರು ತಲೆಬರಹಕ್ಕೆ ಸಾಲಿನ ಎತ್ತರ ಇಂಗ್ಲಿಷ್ ಲೆಕ್ಕಕ್ಕೆ ಬಿಗಿ ಮಾಡಿರ್ತಾರೆ, ಎರಡು ಸಾಲಿನ ಶೀರ್ಷಿಕೆ ಬಂದ್ರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆ ಮೇಲೆ ಬಂದು ಕೂರುತ್ತೆ. ಸಾಲಿನ ಎತ್ತರ 1.5ರ ಹತ್ರ ತನ್ನಿ, ಪ್ಯಾರಾಗೆ 1.8 ಇದ್ರೂ ಜಾಸ್ತಿ ಏನಲ್ಲ. ಒಂದು ಥೀಮ್ ಹೀಗೆ ಸರಿ ಮಾಡಿ ಅದೊಂದನ್ನೇ ಎಲ್ಲರಿಗೂ ಬಿಡಿ, ಹತ್ತು ಥೀಮ್ ಕೊಟ್ರೆ ಹುಡುಗ್ರು ಬರೆಯೋದು ಬಿಟ್ಟು ಬಣ್ಣ ಬದಲಾಯಿಸ್ತಾ ಕೂರ್ತಾರೆ. ಮಲ್ಟಿಸೈಟಿನ ದೊಡ್ಡ ಪ್ಲಸ್ ಪಾಯಿಂಟೇ ಇದು, ಥೀಮು ಪ್ಲಗಿನ್ನು ಏನಿರ್ಬೇಕು ಅನ್ನೋದು ಸೂಪರ್ ಅಡ್ಮಿನ್ (ಎಲ್ಲಾ ಬ್ಲಾಗ್‌ನೂ ನೋಡ್ಕೊಳ್ಳೋರು) ಒಬ್ಬರ ಕೈಲಿ, ಒಂದು ಸಲ ಸರಿ ಮಾಡಿದ್ರೆ ಎಲ್ಲಾ ಬ್ಲಾಗಲ್ಲೂ ಸರಿ, ಅಪ್‌ಡೇಟೂ ಒಂದೇ ಸಲ.

ನುಡಿ ಕಥೆ ಹೇಳ್ಲೇಬೇಕು. ಹಳೇ ಲೇಖನ ಹಾಕೋಣ ಅಂತ ಮೇಷ್ಟ್ರುಗಳು ಪೆನ್‌ಡ್ರೈವ್ ತರ್ತಾರೆ, ಒಳಗಿರೋದೆಲ್ಲಾ ಡಿಟಿಪಿ ಅಂಗಡಿಯಲ್ಲಿ ನುಡಿಯ ಹಳೇ ಆಸ್ಕಿ ಫಾಂಟಲ್ಲಿ (ಇಂಗ್ಲಿಷ್ ಅಕ್ಷರಕ್ಕೇ ಕನ್ನಡದ ವೇಷ ಹಾಕೋ ಫಾಂಟ್) ಟೈಪ್ ಮಾಡಿಸಿದ್ದು. ವರ್ಡ್‌ನಲ್ಲಿ ಕನ್ನಡ, ಬ್ಲಾಗಿಗೆ ಅಂಟಿಸಿದ ಕ್ಷಣ ಇಂಗ್ಲಿಷ್ ಅಕ್ಷರದ ಚಿಂದಿ. ಇದು ವರ್ಡ್‌ಪ್ರೆಸ್ ತಪ್ಪಲ್ಲ, ಯೂನಿಕೋಡ್ (ಎಲ್ಲಾ ಸಾಧನಕ್ಕೂ ಅರ್ಥ ಆಗೋ ಅಕ್ಷರ ಸಂಕೇತ) ಅಲ್ಲದ್ದು ಎಲ್ಲಿ ಹಾಕಿದ್ರೂ ಹಿಂಗೇ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಾಯಿಸೋ ಕನ್ವರ್ಟರ್ ಲಿಂಕೊಂದನ್ನ ಡ್ಯಾಶ್‌ಬೋರ್ಡ್ ಮೊದಲ ಪುಟದಲ್ಲೇ ಇಟ್ಬಿಡಿ, ಬದಲಾಯಿಸಿದ ಮೇಲೆ ಒತ್ತು ದೀರ್ಘ ಎಲ್ಲಾ ಒಂದ್ಸಲ ಓದಿ ಸರಿ ಮಾಡ್ಬೇಕು ಅಂತಾನೂ ಬರೀರಿ. ಹುಡುಕೋ ಬಾಕ್ಸೂ ಅಷ್ಟಕ್ಕಷ್ಟೇ, "ಮರ" ಅಂತ ಹಾಕಿದ್ರೆ "ಮರದ" ಸಿಗುತ್ತೆ, "ಊರು" ಅಂತ ಹಾಕಿದ್ರೆ "ಊರಿನ" ಸಿಗಲ್ಲ, ಅದು ಬರೀ ಅಕ್ಷರ ಹೊಂದಿಸಿ ನೋಡುತ್ತೆ. ಟ್ಯಾಗ್ ಹಾಕೋದು ರೂಢಿ ಮಾಡಿಸಿದ್ರೆ ಸ್ವಲ್ಪ ವಾಸಿ.

ಇನ್ನು ಪ್ರಿನ್ಸಿಪಾಲ್ರ ಪ್ರಶ್ನೆ: "ಯಾರೋ ಏನೋ ಬರೆದು ಎಡವಟ್ಟಾದ್ರೆ ಯಾರು ಜವಾಬ್ದಾರಿ?" ನ್ಯಾಯವಾದ ಪ್ರಶ್ನೆನೇ. ಅದಕ್ಕೆ ಕಮಿಟಿ ಕೊಡೋ ಉತ್ತರ ಅಂದ್ರೆ ಎಲ್ಲಾ ಪೋಸ್ಟನ್ನೂ ಲೆಕ್ಚರರ್ ಓದಿ ಅಪ್ರೂವ್ ಮಾಡ್ಲಿ ಅಂತ. ವರ್ಡ್‌ಪ್ರೆಸ್‌ನಲ್ಲಿ ಅದಕ್ಕೆ ಕಾಂಟ್ರಿಬ್ಯೂಟರ್ ಅನ್ನೋ ಪಾತ್ರ ಇದೆ, ಬರೀಬಹುದು ಪಬ್ಲಿಷ್ ಮಾಡೋ ಹಾಗಿಲ್ಲ. ಆದ್ರೆ ಕಾಂಟ್ರಿಬ್ಯೂಟರ್‌ಗೆ ಫೋಟೋ ಅಪ್‌ಲೋಡ್ ಮಾಡೋ ಹಕ್ಕೂ ಇರಲ್ಲ, ಅದು ಎಷ್ಟೋ ಜನಕ್ಕೆ ಆಮೇಲೆ ಗೊತ್ತಾಗುತ್ತೆ. ಅದಿರ್ಲಿ, ಇಂಟರ್ನಲ್ಸ್ ವ್ಯಾಲ್ಯುಯೇಷನ್ನೇ ಮುಗಿಸೋಕಾಗ್ದೆ ಒದ್ದಾಡೋ ನಾವು ಹುಡುಗ್ರ ಪೋಸ್ಟ್ ಓದ್ತಾ ಕೂರ್ತೀವಾ? ಪೆಂಡಿಂಗ್ ಪಟ್ಟಿ ಬೆಳೀತಾ ಹೋಗುತ್ತೆ, ಎರಡು ವಾರ ಕಾದ ಹುಡುಗ ವಾಪಸ್ ಇನ್‌ಸ್ಟಾಗೆ ಹೋಗ್ತಾನೆ. ನನ್ನ ಅಭಿಪ್ರಾಯ ಇಷ್ಟೇ, ಬ್ಲಾಗ್ ಅವರದ್ದೇ ಆಗಿರ್ಲಿ, ಅಡ್ಮಿನ್ನೂ ಅವರೇ ಆಗಿರ್ಲಿ, ಪ್ರತಿ ಪುಟದ ಕೆಳಗೆ "ಇದು ವಿದ್ಯಾರ್ಥಿಯ ಸ್ವಂತ ಅಭಿಪ್ರಾಯ" ಅಂತ ಒಂದು ಸಾಲು, ದೂರು ಕೊಡೋಕೆ ಒಂದು ಮೇಲ್ ಐಡಿ, ದೂರು ಬಂದ್ರೆ ನೋಡೋಕೆ ಇಬ್ಬರು. ಹೆಸರಿಗೆ ಅಡ್ಮಿನ್ ಆದ್ರೂ ಮಲ್ಟಿಸೈಟಲ್ಲಿ ಅವರಿಗೆ ಜಾವಾಸ್ಕ್ರಿಪ್ಟ್ ಐಫ್ರೇಮ್ ಥರದ ಕೋಡ್ ತುರುಕೋಕೆ ಆಗಲ್ಲ, ಸೇವ್ ಮಾಡೋವಾಗ ತಾನೇ ತೆಗೆದುಬಿಡುತ್ತೆ, ಪ್ಲಗಿನ್ನೂ ಇನ್‌ಸ್ಟಾಲ್ ಮಾಡೋಕಾಗಲ್ಲ, ಹಾಗಾಗಿ ದೊಡ್ಡ ಅನಾಹುತಕ್ಕೆ ದಾರಿ ಕಮ್ಮಿ. ಕಾಮೆಂಟ್ ಮಾತ್ರ ಮೊದಲಿಂದ್ಲೇ ಮಾಡರೇಷನ್ನಲ್ಲಿ ಇಡಿ.

ಐಕ್ಯೂಎಸಿಯೋರಿಗೆ (ಕಾಲೇಜಿನ ಗುಣಮಟ್ಟ ನೋಡ್ಕೊಳ್ಳೋ ಸಮಿತಿ) ಇದು ಬಹಳ ಇಷ್ಟ ಆಗುತ್ತೆ, ನ್ಯಾಕ್ ಫೈಲಿಗೆ ಸ್ಕ್ರೀನ್‌ಶಾಟ್ ಸಿಗುತ್ತಲ್ಲ. ಇಷ್ಟ ಆಗ್ಲಿ, ಬಜೆಟ್ ಅಲ್ಲಿಂದ್ಲೇ ಬರೋದು. ಆದ್ರೆ ವಾರಕ್ಕೆರಡು ಪೋಸ್ಟ್ ಕಡ್ಡಾಯ, ಅದಕ್ಕೆ ಅಸೈನ್‌ಮೆಂಟ್ ಮಾರ್ಕ್ಸು ಅಂತ ಶುರು ಮಾಡಿದ ದಿನ ಬ್ಲಾಗ್‌ಗಳ ತುಂಬ ವಿಕಿಪೀಡಿಯಾ ಮತ್ತೆ ಎಐ ಬರೆದ "ಪರಿಸರ ಸಂರಕ್ಷಣೆ" ತುಂಬ್ಕೊಳ್ಳುತ್ತೆ.

ಪಿಯು ಮುಗಿಸಿ ಬಂದ ಫಸ್ಟ್ ಇಯರ್‌ನೋರಲ್ಲಿ ಎಷ್ಟೋ ಜನಕ್ಕೆ 18 ತುಂಬಿರಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆ ಪ್ರಕಾರ 18ರ ಒಳಗಿನೋರು ಮಕ್ಕಳು, ಅವರ ಡೇಟಾ ತಗೋಬೇಕಾದ್ರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಅಡ್ಮಿಷನ್ ಫಾರಂ ಜೊತೆಗೇ ಒಂದು ಒಪ್ಪಿಗೆ ಪತ್ರ ಇಡೋದು, ಇಲ್ಲಾಂದ್ರೆ ಬ್ಲಾಗ್ ಸೆಕೆಂಡ್ ಇಯರ್‌ನಿಂದ ಕೊಡೋದು. ನಂಗೆ ಎರಡನೇದೇ ಸರಿ ಅನ್ಸುತ್ತೆ. ಸ್ವಂತ ಹೆಸರು ಬೇಡ ಅನ್ನೋರಿಗೆ ಕಾವ್ಯನಾಮ ಇಟ್ಕೊಳ್ಳೋಕೆ ಬಿಡಿ, ಕನ್ನಡದಲ್ಲಿ ಅದಕ್ಕೇನು ಕೊರತೆನಾ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಹುಡುಗ್ರು ಬಿಟ್ಟು ಹೋಗೋದು. ಯೂನಿವರ್ಸಿಟಿ ಬ್ಲಾಗ್ ಅನ್ನೋದು ಹೊಸ ಐಡಿಯಾ ಅಲ್ಲ. ಹಾರ್ವರ್ಡ್ ಲಾ ಸ್ಕೂಲ್‌ನೋರು 2003ರಲ್ಲೇ ಶುರು ಮಾಡಿದ್ರು, ಮಿನೆಸೋಟಾ ಯೂನಿವರ್ಸಿಟಿಯಲ್ಲಿ 2004ರಲ್ಲಿ ಯುಥಿಂಕ್ ಅಂತ ಲೈಬ್ರರಿಯೋರೇ ನಡೆಸ್ತಿದ್ರು, ಅದೇ ವರ್ಷ ಇಂಗ್ಲೆಂಡಿನ ವಾರ್ವಿಕ್‌ನೋರು ಸ್ವಂತ ಸಾಫ್ಟ್‌ವೇರ್ ಬರೆದು ಬ್ಲಾಗ್ ಕೊಟ್ರು. ಯುಥಿಂಕ್ ಈಗ ಇಲ್ಲ. ವರ್ಜೀನಿಯಾದ ಮೇರಿ ವಾಷಿಂಗ್ಟನ್ ಯೂನಿವರ್ಸಿಟಿಯೋರು 2007ರಲ್ಲಿ ನಾನು ಹೇಳ್ತಿರೋ ಇದೇ ವರ್ಡ್‌ಪ್ರೆಸ್ ಎಂಯು ಹಾಕಿದ್ರು, ಕೆಲವು ವರ್ಷಕ್ಕೆ ದಾರಿ ಬದಲಾಯಿಸಿ ಒಬ್ಬೊಬ್ಬ ವಿದ್ಯಾರ್ಥಿಗೂ ಸ್ವಂತ ಡೊಮೈನ್, ಸ್ವಂತ ಹೋಸ್ಟಿಂಗ್ ಜಾಗ ಕೊಡೋಕೆ ಶುರು ಮಾಡಿದ್ರು, ಓದು ಮುಗಿದ ಮೇಲೆ ತಾವೇ ದುಡ್ಡು ಕಟ್ಕೊಂಡು ಮುಂದುವರಿಸ್ಬಹುದು ಅನ್ನೋ ಲೆಕ್ಕದಲ್ಲಿ. ನನ್ನ ಪ್ರಕಾರ ಇವರಲ್ಲೆಲ್ಲಾ ಸರಿಯಾಗಿ ಯೋಚನೆ ಮಾಡಿದೋರು ಅವ್ರೇ. ನಮ್ಮ ಕಾಲೇಜುಗಳ ಬಜೆಟಲ್ಲಿ ಡೊಮೈನ್ ಕೊಡೋಕಾಗಲ್ಲ, ಆದ್ರೆ ಬಾಗಿಲು ತೆಗೆದಿಡ್ಬಹುದು.

ವರ್ಡ್‌ಪ್ರೆಸ್‌ನಲ್ಲಿ ಟೂಲ್ಸ್ ಮೆನುನಲ್ಲಿ ಎಕ್ಸ್‌ಪೋರ್ಟ್ ಇದೆ, ಒಂದು ಎಕ್ಸ್‌ಎಂಎಲ್ ಫೈಲ್ ಕೊಡುತ್ತೆ, ಅದನ್ನ ಬೇರೆ ಯಾವ ವರ್ಡ್‌ಪ್ರೆಸ್‌ಗಾದ್ರೂ ಹಾಕ್ಕೋಬಹುದು. ಸೂಪರ್ ಅನ್ಸುತ್ತೆ ಅಲ್ವಾ? ಆ ಫೈಲಲ್ಲಿ ಬರಹ ಇರುತ್ತೆ, ಕಾಮೆಂಟ್ ಇರುತ್ತೆ, ಫೋಟೋ ಇರಲ್ಲ. ಫೋಟೋದ ವಿಳಾಸ ಮಾತ್ರ ಇರುತ್ತೆ, ಹೊಸ ಸೈಟಿಗೆ ಇಂಪೋರ್ಟ್ ಮಾಡೋವಾಗ ಹಳೇ ಸೈಟ್ ಜೀವಂತ ಇದ್ರೆ ಅಲ್ಲಿಂದ ಎಳ್ಕೊಳ್ಳುತ್ತೆ. ನೀವು ಜುಲೈನಲ್ಲಿ ಹಳೇ ಬ್ಯಾಚ್ ಡಿಲೀಟ್ ಮಾಡಿದ್ರೋ, ಆಗಸ್ಟ್‌ನಲ್ಲಿ ಆ ಫೈಲ್ ಇಟ್ಕೊಂಡು ಬಂದ ಹುಡುಗಿಗೆ ಫೋಟೋ ಎಲ್ಲಾ ಖಾಲಿ ಚೌಕ. ನೆಟ್‌ವರ್ಕ್ ಅಡ್ಮಿನ್‌ನಲ್ಲಿ ಆರ್ಕೈವ್ ಅಂತ ಒಂದು ಬಟನ್ ಇದೆ, ಜೋಪಾನ ಮಾಡುತ್ತೆ ಅನ್ಕೊಂಡು ಒತ್ತಬೇಡಿ, ಅದನ್ನ ಒತ್ತಿದ್ರೆ ಸೂಪರ್ ಅಡ್ಮಿನ್ ಬಿಟ್ಟು ಬ್ಲಾಗ್ ಯಾರಿಗೂ ತೆರೆಯಲ್ಲ. ಇದಕ್ಕೆ ಅಂತಾನೇ ಅರ್ಧ ಸ್ಟಾರ್ ಹೋಯ್ತು. ನನ್ನ ಸಲಹೆ: ಪಾಸಾದ ಮೇಲೆ ಕಮ್ಮಿ ಅಂದ್ರೂ ಒಂದು ವರ್ಷ ಬ್ಲಾಗ್ ಹಾಗೇ ಇರುತ್ತೆ ಅಂತ ಲಿಖಿತವಾಗಿ ಕೊಡಿ, ಯೂಸರ್ ಅಕೌಂಟಿಗೆ ಕಾಲೇಜು ಮೇಲ್ ಬದಲು ಅವರ ಪರ್ಸನಲ್ ಮೇಲ್ ಹಾಕಿಸಿ, ಇಲ್ಲಾಂದ್ರೆ ಕಾಲೇಜು ಮೇಲ್ ಬಂದ್ ಆದ ದಿನ ಪಾಸ್‌ವರ್ಡೂ ಹೋಗುತ್ತೆ. ಫೈನಲ್ ಸೆಮ್ ಪ್ರಾಜೆಕ್ಟ್ ಸಬ್ಮಿಷನ್ ಜೊತೆಗೇ ಲ್ಯಾಬಲ್ಲಿ ಕೂರಿಸಿ ಎಕ್ಸ್‌ಪೋರ್ಟ್ ಮಾಡಿಸಿ, ಫೋಟೋ ಫೋಲ್ಡರ್ ಜಿಪ್ ಮಾಡಿ ಕೈಗೆ ಕೊಡಿ.

ನಿಮ್ಮ ಕಾಲೇಜಲ್ಲಿ ಲಿನಕ್ಸ್ ಗೊತ್ತಿರೋರು ಇಲ್ಲ, ಇರೋರು ಗೆಸ್ಟ್ ಲೆಕ್ಚರರ್, ಮುಂದಿನ ವರ್ಷ ಇರ್ತಾರೋ ಇಲ್ವೋ ಅನ್ನೋ ಪರಿಸ್ಥಿತಿ ಇದ್ರೆ ಮಲ್ಟಿಸೈಟ್ ಮುಟ್ಬೇಡಿ. ಅಪ್‌ಡೇಟ್ ಇಲ್ದೆ ಬಿಟ್ಟ ವರ್ಡ್‌ಪ್ರೆಸ್ ಹ್ಯಾಕ್ ಆಗೋದು ಗ್ಯಾರಂಟಿ, ಒಂದು ಪ್ಲಗಿನ್ ತೂತಾದ್ರೆ ಎಲ್ಲಾ ಬ್ಲಾಗಿಗೂ ತೂತು. ಕ್ಯಾಂಪಸ್‌ಪ್ರೆಸ್ ಅಂತ ದುಡ್ಡಿಗೆ ಇದನ್ನೇ ನಡೆಸ್ಕೊಡೋರಿದಾರೆ, ಎಜುಬ್ಲಾಗ್ಸ್ ಅನ್ನೋ ಶಾಲಾ ಬ್ಲಾಗ್ ಸೇವೆಯೋರದ್ದೇ ಅದು, ದೊಡ್ಡ ಯೂನಿವರ್ಸಿಟಿಗಳಿಗೆ ಸರಿ, ನಮ್ಮಂಥ ಕಾಲೇಜಿಗೆ ಅಲ್ಲ. ಬರೀ ಬರಹ ಸಾಕು ಅನ್ನೋರು ರೈಟ್‌ಫ್ರೀಲಿ ಅನ್ನೋ ಬ್ಲಾಗ್ ಸಾಫ್ಟ್‌ವೇರ್ ನೋಡಿ, 2018ರಲ್ಲಿ ಬಂದಿದ್ದು, ಒಂದೇ ಪ್ರೋಗ್ರಾಂ ಫೈಲು, ಡೇಟಾಬೇಸಿಗೆ ಎಸ್‌ಕ್ಯೂಲೈಟ್ ಸಾಕು, ಹಳೇ ಲ್ಯಾಬ್ ಪಿಸಿಯಲ್ಲೂ ಓಡುತ್ತೆ, ಫೋಟೋ ಅಪ್‌ಲೋಡ್ ಮಾತ್ರ ಅದ್ರಲ್ಲಿ ಇಲ್ಲ. ಇದ್ಯಾವುದೂ ಬೇಡ ಅಂದ್ರೆ ಬ್ಲಾಗರ್ ಇದ್ದೇ ಇದೆ, 1999ರಿಂದ ನಡೀತಿರೋದು, 2003ರಿಂದ ಗೂಗಲ್‌ದು, ಈಗ ಹಳೇಕಾಲದ್ದು ಥರ ಕಾಣುತ್ತೆ, ಹೊಸ ಫೀಚರ್ ಬರೋದು ಅಪರೂಪ. ಆದ್ರೆ ಅಕೌಂಟ್ ಹುಡುಗನದ್ದೇ, ಕಾಲೇಜು ಮುಚ್ಚಿದ್ರೂ ಬ್ಲಾಗ್ ಇರುತ್ತೆ. ಕಾಲೇಜು ವೆಬ್‌ಸೈಟಲ್ಲಿ ಎಲ್ಲರ ಲಿಂಕ್ ಹಾಕಿ ಒಂದು ಪುಟ ಮಾಡಿದ್ರೆ ಮುಗೀತು, ಆ ಪುಟ ಅಪ್‌ಡೇಟ್ ಮಾಡೋಕೆ ವೆಬ್‌ಸೈಟ್ ಪಾಸ್‌ವರ್ಡ್ ಯಾರ ಹತ್ರ ಇದೆ ಅಂತ ಮಾತ್ರ ಮೊದ್ಲೇ ವಿಚಾರಿಸ್ಕೊಳ್ಳಿ.